ಹಚ್ಚೆಯ ಬಣ್ಣ: ಚರ್ಮದೊಳಗೆ ಇಳಿದ ಮೇಲೆ ಏನಾಗುತ್ತದೆ?

ಹಚ್ಚೆ ನಮಗೆ ಹೊಸತಲ್ಲ. ನಮ್ಮ ಅಜ್ಜಿಯಂದಿರ ಮುಂಗೈಯಲ್ಲಿ, ಗಲ್ಲದಲ್ಲಿ, ಹುಬ್ಬುಗಳ ನಡುವೆ ಹಸಿರುಗಪ್ಪು ಬಣ್ಣದ ಚುಕ್ಕೆಗಳೂ ರಂಗೋಲಿಯಂತಹ ಚಿತ್ತಾರಗಳೂ ಇದ್ದುದನ್ನು ಐವತ್ತು ದಾಟಿದ ನಮ್ಮಂತಹವರೆಲ್ಲ ಕಂಡವರೇ. ಊರಿಂದೂರಿಗೆ ಬರುತ್ತಿದ್ದ ಕೊರವಂಜಿಯರು ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ಹಾಡು ಹೇಳಿ ನೋವು ಮರೆಸುತ್ತ ಹಚ್ಚೆ ಹುಯ್ಯುತ್ತಿದ್ದರು. ಸತ್ತ ಮೇಲೂ ಹೆಣ್ಣಿನ ಜೊತೆಯಲ್ಲಿ ಬರುವ ಒಡವೆ ಇದೊಂದೇ ಎಂಬ ನಂಬಿಕೆ ಹಳ್ಳಿಗಳಲ್ಲಿತ್ತು. ನಾವು ಕೆಲಸ ಮಾಡುವ ಬ್ಯಾಂಕಿನಲ್ಲಿಯೂ ಸಹಿ ಹಾಕಲು ಬಾರದ ವೃದ್ಧೆಯರ ಖಾತೆಗಳಲ್ಲಿ ಹೆಬ್ಬೆಟ್ಟಿನ ಗುರುತಿನೊಡನೆ ‘ಎಡಮುಂಗೈಯಲ್ಲಿ ಹಚ್ಚೆ’ ಎಂದು ಬರೆದುಕೊಂಡದ್ದುಂಟು.

ಮರಾಠಿಗರು ಗೋಂದಣ ಎನ್ನುವುದನ್ನು ತೆಲುಗರು ಪಚ್ಚಬೊಟ್ಟು ಎನ್ನುತ್ತಾರೆ. ಪಾಲು ಎಂಬುದು ಹಾಲಾದಂತೆ ಪಚ್ಚೆಯೇ ಕನ್ನಡದಲ್ಲಿ ಹಚ್ಚೆಯಾಗಿದೆ. ಪಚ್ಚೆ ಎಂದರೆ ಹಸಿರು. ಹುಯ್ದದ್ದು ಕಪ್ಪು ಕಾಡಿಗೆಯಾದರೂ ಕಾಣುವುದು ಹಸಿರು ಇಲ್ಲವೆ ನೀಲಿ. ಆಳದಲ್ಲಿರುವ ಕಪ್ಪಿನ ಮೇಲೆ ಬಿದ್ದ ಬೆಳಕು ಚರ್ಮದ ಪದರಗಳಲ್ಲಿ ಚದುರಿ ಹೊರಬರುವಾಗ ಹೀಗೆ ಬಣ್ಣ ಬದಲಿಸಿಕೊಂಡು ಕಾಣುತ್ತದೆ. ಹೀಗೆ ಹಚ್ಚೆಯೆಂಬ ಹೆಸರಿನಲ್ಲಿಯೇ ಒಂದು ಸತ್ಯ ಅಡಗಿದೆ: ಈ ಬಣ್ಣ ಚರ್ಮದ ಮೇಲಿಲ್ಲ, ಚರ್ಮದೊಳಗಿದೆ.

ಇಂದು ಹಚ್ಚೆ ‘ಟ್ಯಾಟೂ’ ಎಂಬ ಹೆಸರಿನಲ್ಲಿ ನಮ್ಮ ನಗರಗಳಿಗೆ ಮರಳಿ ಬಂದಿದೆ. ಮುಂಬಯಿ, ಪುಣೆ, ಹೈದರಾಬಾದುಗಳ ಮಾಲ್‌ಗಳಲ್ಲಿ ಅದಕ್ಕೆಂದೇ ಅಂಗಡಿಗಳಿವೆ. ನವರಾತ್ರಿಯ ಗರಬಾ ಬಂತೆಂದರೆ ಬೆನ್ನು, ಭುಜಗಳ ಮೇಲೆ ಬಣ್ಣಬಣ್ಣದ ಚಿತ್ರಗಳು ಮೂಡುತ್ತವೆ. ನಮ್ಮ ಕನ್ನಡದ ಮನೆಗಳ ಮಕ್ಕಳೂ ಇದಕ್ಕೆ ಹೊರತಲ್ಲ. ಇದು ಸಂಸ್ಕೃತಿಗೆ ತಕ್ಕುದೋ ಅಲ್ಲವೋ ಎಂಬ ಚರ್ಚೆ ಮನೆಮನೆಯಲ್ಲಿಯೂ ಧಾರಾಳವಾಗಿ ನಡೆಯುತ್ತಿದೆ. ಆದರೆ ಸೂಜಿಯ ತುದಿಯಲ್ಲಿ ಒಳಗಿಳಿಯುವ ಬಣ್ಣ ಯಾವುದು, ದೇಹ ಅದನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ನಾವು ವೈದ್ಯರಲ್ಲ. ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಸಣ್ಣ ಅಕ್ಷರಗಳನ್ನೂ ಓದಿರೆಂದು ಗ್ರಾಹಕರಿಗೆ ಹೇಳುತ್ತ ಬಂದವರು. ಹಚ್ಚೆಯ ವಿಷಯದಲ್ಲಿ ಆ ಸಣ್ಣ ಅಕ್ಷರಗಳು ಏನು ಹೇಳುತ್ತವೆ ಎಂಬುದನ್ನು ವೈದ್ಯಕೀಯ ಬರಹಗಳ ಆಧಾರದಿಂದ ಓದುಗರ ಮುಂದಿಡುವುದಷ್ಟೇ ಇಲ್ಲಿನ ಉದ್ದೇಶ.

ಬಣ್ಣ ಏಕೆ ಅಳಿಯುವುದಿಲ್ಲ?

ನಮ್ಮ ಚರ್ಮದ ಹೊರಪದರ ಸದಾ ಸವೆಯುತ್ತ, ಕೆಲವು ವಾರಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಅಲ್ಲಿ ಬಣ್ಣ ಹಾಕಿದರೆ ಅದು ಉದುರಿಹೋಗುತ್ತದೆ. ಆದುದರಿಂದ ಹಚ್ಚೆಯ ಸೂಜಿ ಹೊರಪದರವನ್ನು ದಾಟಿ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿರುವ ಒಳಚರ್ಮದಲ್ಲಿ ಬಣ್ಣವನ್ನು ಇಡುತ್ತದೆ. ನ್ಯೂಯಾರ್ಕಿನ ಸ್ಯಾಮ್ಯುಯಲ್ ಓರೈಲಿ ಎಂಬಾತ 1891ರಲ್ಲಿ ಎಡಿಸನ್ನನ ವಿದ್ಯುತ್ ಲೇಖನಿಯ ಮಾದರಿಯಲ್ಲಿ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದ ಬಳಿಕ ಈ ಕೆಲಸ ವೇಗ ಪಡೆಯಿತು. ಇಂದಿನ ಯಂತ್ರಗಳು ನಿಮಿಷಕ್ಕೆ ಸಾವಿರಾರು ಬಾರಿ ಚುಚ್ಚುತ್ತವೆ.

ಒಳಚರ್ಮಕ್ಕೆ ಪರಕೀಯ ವಸ್ತುವೊಂದು ಬಂದೊಡನೆ ದೇಹದ ಕಾವಲುಗಾರರಾದ ಭಕ್ಷಕ ಕೋಶಗಳು ಅಲ್ಲಿಗೆ ಧಾವಿಸಿ ಅದನ್ನು ನುಂಗುತ್ತವೆ. ರೋಗಾಣುವಾದರೆ ಜೀರ್ಣಿಸಿಕೊಳ್ಳುತ್ತವೆ, ಬಣ್ಣದ ಕಣಗಳನ್ನು ಮಾತ್ರ ಜೀರ್ಣಿಸಿಕೊಳ್ಳಲಾರದೆ ಒಡಲಲ್ಲಿಟ್ಟುಕೊಂಡು ಕುಳಿತುಬಿಡುತ್ತವೆ. ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ನಡೆಸಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಬಣ್ಣ ಹೊತ್ತ ಕೋಶ ಸತ್ತಾಗ ಕಣಗಳು ಹೊರಬೀಳುತ್ತವೆ, ಅಲ್ಲಿಗೆ ಬಂದ ಹೊಸ ಕೋಶ ಅವುಗಳನ್ನು ಮತ್ತೆ ನುಂಗುತ್ತದೆ. ನಾವು ಸ್ಥಿರವೆಂದು ಭಾವಿಸುವ ಚಿತ್ರ, ದೇಹದ ಮಟ್ಟಿಗೆ ಆಯುಷ್ಯವಿಡೀ ಕೈಯಿಂದ ಕೈಗೆ ದಾಟುವ ಹೊರೆ. ಬಹುಪಾಲು ಜನರಲ್ಲಿ ಈ ಕಾರ್ಯ ಸದ್ದಿಲ್ಲದೆ ನಡೆಯುತ್ತದೆ. ಕೆಲವರಲ್ಲಿ ಮಾತ್ರ ರೋಗನಿರೋಧಕ ವ್ಯವಸ್ಥೆ ಒಂದು ದಿನ ಆ ಬಣ್ಣವನ್ನು ಶತ್ರುವೆಂದು ಗುರುತಿಸಿ ಕಾದಾಟಕ್ಕಿಳಿಯುತ್ತದೆ.

ಶಾಯಿಯಲ್ಲಿ ಏನಿದೆ?

ಅಜ್ಜಿಯರ ಹಚ್ಚೆಯಲ್ಲಿ ಇದ್ದುದು ಪ್ರಧಾನವಾಗಿ ಇಂಗಾಲ, ಅಂದರೆ ಕಾಡಿಗೆ. ಪಾಶ್ಚಾತ್ಯ ದೇಶಗಳ ಬಣ್ಣದ ಹಚ್ಚೆಗಳಲ್ಲಿ ಬಹುಕಾಲ ಲೋಹಗಳ ಸಂಯುಕ್ತಗಳೇ ಬಳಕೆಯಲ್ಲಿದ್ದವು. ಕೆಂಪಿಗೆ ಪಾದರಸದ ಸಂಯುಕ್ತವಾದ ಹಿಂಗುಲ, ಹಳದಿಗೆ ಕ್ಯಾಡ್ಮಿಯಂ, ಹಸಿರಿಗೆ ಕ್ರೋಮಿಯಂ, ನೀಲಿಗೆ ಕೋಬಾಲ್ಟ್, ಕಂದಿಗೆ ಕಬ್ಬಿಣದ ಆಕ್ಸೈಡ್. ಈಗ ಇವುಗಳಲ್ಲಿ ಹಲವನ್ನು ಬಿಟ್ಟು ಕಾರ್ಖಾನೆಗಳಲ್ಲಿ ತಯಾರಾಗುವ ಸಾವಯವ ವರ್ಣದ್ರವ್ಯಗಳನ್ನು ಬಳಸುತ್ತಾರೆ. ಕೆಂಪು, ಹಳದಿ, ಕಿತ್ತಳೆಗೆ ‘ಆಜೋ’ ವರ್ಗದವು. ನೀಲಿ, ಹಸಿರಿಗೆ ‘ಥಾಲೋಸಯನಿನ್’ ವರ್ಗದವು. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್.

‘ಸಾವಯವ’ ಎಂಬ ಮಾತನ್ನು ಕೇಳಿ ಇವು ಗಿಡಮೂಲಿಕೆಯ ಬಣ್ಣಗಳೆಂದು ಭ್ರಮಿಸಬಾರದು. ರಸಾಯನಶಾಸ್ತ್ರದಲ್ಲಿ ಆ ಪದಕ್ಕೆ ಇಂಗಾಲ ಮೂಲದ ಸಂಯುಕ್ತ ಎಂದಷ್ಟೇ ಅರ್ಥ. ಇವುಗಳಲ್ಲಿ ಅನೇಕವು ಮುದ್ರಣದ ಶಾಯಿಗೂ ವಾಹನಗಳ ಬಣ್ಣಕ್ಕೂ ಬಳಕೆಯಾಗುವ ಕೈಗಾರಿಕಾ ದರ್ಜೆಯ ವಸ್ತುಗಳೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಹೇಳಿದೆ. ಚರ್ಮದೊಳಗೆ ಚುಚ್ಚುವ ಉದ್ದೇಶಕ್ಕಾಗಿ ಆ ಸಂಸ್ಥೆ ಈವರೆಗೆ ಯಾವೊಂದು ವರ್ಣದ್ರವ್ಯಕ್ಕೂ ಅನುಮೋದನೆ ನೀಡಿಲ್ಲ. ಇದು ಗಮನಿಸಬೇಕಾದ ಮಾತು. ಕಾರಿನ ಮೇಲೆ ಬಿಸಿಲು ಮಳೆಗಳನ್ನು ತಡೆಯುವ ಬಣ್ಣ ಒಳ್ಳೆಯ ಬಣ್ಣವೇ ಹೌದು. ಅದು ಜೀವಂತ ಚರ್ಮದಲ್ಲಿ ಐವತ್ತು ವರ್ಷ ಹೇಗೆ ವರ್ತಿಸುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಕೆಂಪು ಬಣ್ಣದ ಕಾಟ

ಹಚ್ಚೆಯ ಬಣ್ಣಗಳ ಪೈಕಿ ಅಲರ್ಜಿಗೆ ಅತಿ ಹೆಚ್ಚಾಗಿ ಕಾರಣವಾಗುವುದು ಕೆಂಪು ಮತ್ತು ಅದರ ಛಾಯೆಗಳು ಎಂಬುದರಲ್ಲಿ ಚರ್ಮವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ. ಪಾದರಸದ ಬಳಕೆ ತಗ್ಗಿದ ಮೇಲೆಯೂ ಈ ಸ್ಥಿತಿ ಬದಲಾಗಿಲ್ಲ. ಈಗಿನ ಆಜೋ ಬಣ್ಣಗಳೂ ಅದೇ ತೊಂದರೆ ಕೊಡುತ್ತವೆ. ಈ ಅಲರ್ಜಿಯ ವಿಶೇಷವೆಂದರೆ ಅದು ಬರುವ ಕಾಲ. ಹಚ್ಚೆ ಮಾಗಿ, ಎಲ್ಲವೂ ಸರಿಯಾಯಿತೆಂದು ಮರೆತ ಮೇಲೆ, ಕೆಲವು ವಾರಗಳಿಗೋ ತಿಂಗಳುಗಳಿಗೋ, ಒಮ್ಮೊಮ್ಮೆ ವರ್ಷಗಳ ಅನಂತರವೋ ಅದು ತಲೆದೋರಬಹುದು.

ನಮ್ಮ ಸಹೋದ್ಯೋಗಿಯೊಬ್ಬರ ಮಗಳು ಮಣಿಕಟ್ಟಿನ ಮೇಲೆ ಹಸಿರು ಎಲೆಗಳ ನಡುವೆ ಕೆಂಪು ದಾಸವಾಳದ ಹೂವೊಂದನ್ನು ಬರೆಸಿಕೊಂಡಿದ್ದಳು. ಎಂಟು ತಿಂಗಳ ಬಳಿಕ ಹೂವಿನ ಭಾಗ ಮಾತ್ರ ತುರಿಸತೊಡಗಿ, ಉಬ್ಬಿ, ಗಟ್ಟಿಯಾಯಿತು. ಎಲೆಗಳಿಗೆ ಏನೂ ಆಗಿರಲಿಲ್ಲ. ಮನೆಯವರು ಬೈದಾರೆಂಬ ಅಂಜಿಕೆಯಿಂದ ಆಕೆ ಉದ್ದ ತೋಳಿನ ಅಂಗಿ ತೊಟ್ಟು ಎರಡು ತಿಂಗಳು ಮುಚ್ಚಿಟ್ಟಳು. ಔಷಧದ ಅಂಗಡಿಯಿಂದ ತಾನೇ ಕೇಳಿ ತಂದ ಮುಲಾಮು ಹಚ್ಚಿದಳು. ಚರ್ಮವೈದ್ಯರಲ್ಲಿಗೆ ಹೋದಾಗ ಅವರು ನೋಡಿದೊಡನೆಯೇ ‘ಇದು ಕೆಂಪು ಬಣ್ಣದ ಪ್ರತಿಕ್ರಿಯೆ’ ಎಂದರಂತೆ. ಒಂದೇ ಬಣ್ಣದ ಗೆರೆಯನ್ನು ಅನುಸರಿಸಿ ಉಬ್ಬುವುದೇ ಇದರ ಮುಖ್ಯ ಲಕ್ಷಣ.

ಈ ಪ್ರತಿಕ್ರಿಯೆ ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಇಸುಬಿನಂತೆ ತುರಿಕೆ ಮತ್ತು ಹೊಟ್ಟು, ಕೆಲವರಲ್ಲಿ ದಪ್ಪನೆಯ ಉಬ್ಬು, ಕೆಲವರಲ್ಲಿ ಸಣ್ಣ ಸಣ್ಣ ಗಂಟುಗಳು, ತೀವ್ರವಾದಾಗ ಹುಣ್ಣು. ಹಳದಿಯಲ್ಲಿ ಕ್ಯಾಡ್ಮಿಯಂ ಇದ್ದರೆ ಬಿಸಿಲು ತಾಗಿದಾಗಲೆಲ್ಲ ಆ ಭಾಗ ಕೆಂಪೇರಿ ಊದಿಕೊಳ್ಳುವುದುಂಟು. ಕಪ್ಪು ಬಣ್ಣ ಅಲರ್ಜಿ ಉಂಟುಮಾಡುವುದು ಕಡಿಮೆ. ಆದರೆ ಕಪ್ಪು ಹಚ್ಚೆಯಲ್ಲಿ ಗಂಟುಗಳು ಮೂಡಿದಾಗ ‘ಸಾರ್ಕಾಯ್ಡೋಸಿಸ್’ ಎಂಬ ರೋಗದ ಸೂಚನೆಯೂ ಅದರಲ್ಲಿ ಇರಬಹುದು. ಶ್ವಾಸಕೋಶ ಹಾಗೂ ಕಣ್ಣುಗಳನ್ನೂ ಬಾಧಿಸಬಲ್ಲ ಈ ರೋಗದ ಸಲುವಾಗಿ ವೈದ್ಯರು ಬಯಾಪ್ಸಿ ಮಾಡಿಸಲು ಹೇಳುತ್ತಾರೆ. ಆ ಸಲಹೆಯನ್ನು ಅಲಕ್ಷಿಸಬಾರದು. ಇನ್ನು ಸೋರಿಯಾಸಿಸ್ ಅಥವಾ ತೊನ್ನು ಇರುವವರಲ್ಲಿ, ಬಣ್ಣದ ದೋಷವಿಲ್ಲದಿದ್ದರೂ, ಚುಚ್ಚಿದ ಗಾಯದ ಜಾಗದಲ್ಲಿಯೇ ಆ ರೋಗ ಹೊಸದಾಗಿ ಮೂಡಬಹುದು. ಗಾಯವಾದಲ್ಲೆಲ್ಲ ಕಲೆ ಉಬ್ಬಿ ಬೆಳೆಯುವ ‘ಕೀಲಾಯ್ಡ್’ ಪ್ರವೃತ್ತಿಯವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

‘ಮೊದಲೇ ಸ್ವಲ್ಪ ಬಣ್ಣ ಹಚ್ಚಿ ಪರೀಕ್ಷಿಸಿಕೊಂಡರೆ ಆಗದೇ?’ ಎಂದು ಕೇಳುವವರಿದ್ದಾರೆ. ಅಲರ್ಜಿ ಈಗಾಗಲೇ ಬಂದಿರುವವರಿಗೆ ಅದೇ ಶಾಯಿಯಿಂದ ಪ್ಯಾಚ್ ಟೆಸ್ಟ್ ಮಾಡಿದರೂ ಅನೇಕ ವೇಳೆ ಫಲಿತಾಂಶ ‘ಇಲ್ಲ’ ಎಂದೇ ಬರುತ್ತದೆ. ಶಾಯಿಯ ಮೂಲವಸ್ತುವಿಗಿಂತ, ಅದು ಚರ್ಮದೊಳಗೆ ಕಾಲಕ್ರಮದಲ್ಲಿ ಒಡೆದು ಬದಲಾದಾಗ ಉಂಟಾಗುವ ವಸ್ತುವೇ ತೊಂದರೆಗೆ ಮೂಲವಿರಬೇಕೆಂದು ತಜ್ಞರು ಭಾವಿಸುತ್ತಾರೆ. ಆದುದರಿಂದ ‘ನಮ್ಮ ಬಣ್ಣ ಪರೀಕ್ಷಿತ, ಅಲರ್ಜಿ ಬರುವುದೇ ಇಲ್ಲ’ ಎಂಬ ಅಂಗಡಿಯವರ ಭರವಸೆಗೆ ಬೆಲೆ ಕಡಿಮೆ.

ಸೋಂಕಿನ ಅಪಾಯ

ಹಚ್ಚೆ ಹಾಕಿಸಿಕೊಂಡ ಮೊದಲ ಕೆಲವು ದಿನ ಕೆಂಪಾಗುವುದು, ಕೊಂಚ ಊದುವುದು, ಹಕ್ಕಳೆಗಟ್ಟಿ ಉದುರುವುದು ಸಹಜ. ನೋವು ಇಳಿಯುವ ಬದಲು ಏರುತ್ತ ಹೋದರೆ, ಕೀವು ಕಂಡರೆ, ಜ್ವರ ಬಂದರೆ, ಕೆಂಪು ಗೆರೆಗಳು ಹಬ್ಬತೊಡಗಿದರೆ ಅದು ಸೋಂಕಿನ ಲಕ್ಷಣ. ಅಂದೇ ವೈದ್ಯರನ್ನು ಕಾಣಬೇಕು.

ಅಂಗಡಿ ಎಷ್ಟೇ ಶುಚಿಯಾಗಿದ್ದರೂ ಶಾಯಿಯೇ ಕಲುಷಿತವಾಗಿದ್ದರೆ ಫಲವಿಲ್ಲ ಎಂಬುದಕ್ಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ನಡೆದ ಪ್ರಕರಣ ಸಾಕ್ಷಿಯಾಗಿದೆ. ಒಬ್ಬನೇ ಕಲಾವಿದನಿಂದ ಹಚ್ಚೆ ಹಾಕಿಸಿಕೊಂಡ 19 ಮಂದಿಗೆ ಕ್ಷಯದ ರೋಗಾಣುವಿನ ದೂರದ ಬಂಧುವಾದ ‘ಮೈಕೋಬ್ಯಾಕ್ಟೀರಿಯಂ ಕೆಲೋನೆ’ಯ ಸೋಂಕು ತಗಲಿದ ಸಂಗತಿ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಮೊದಲೇ ತಿಳಿಗೊಳಿಸಿ ಬಾಟಲಿಯಲ್ಲಿ ತುಂಬಿ ಮಾರಿದ ಬೂದು ಶಾಯಿಯೇ ಅದರ ಮೂಲವಾಗಿತ್ತು. ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಈ ಸೋಂಕಿಗೆ ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ.

ಒಬ್ಬರಿಗೆ ಬಳಸಿದ ಸೂಜಿಯನ್ನೋ ಶಾಯಿಯ ಬಟ್ಟಲನ್ನೋ ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡುವ ಅಪಾಯವಿದೆ. ಈ ಕಾರಣದಿಂದಲೇ ನಮ್ಮ ದೇಶದ ನಿಯಮಗಳ ಪ್ರಕಾರ ಹಚ್ಚೆ ಹಾಕಿಸಿಕೊಂಡವರು 12 ತಿಂಗಳ ಕಾಲ ರಕ್ತದಾನ ಮಾಡುವಂತಿಲ್ಲ. ಕನ್ನಡ ಸಂಘಗಳು ಏರ್ಪಡಿಸುವ ರಕ್ತದಾನ ಶಿಬಿರಗಳಿಗೆ ಉತ್ಸಾಹದಿಂದ ಬರುವ ಯುವಕ ಯುವತಿಯರು ಇದನ್ನು ಮುಚ್ಚಿಡದೆ ಹೇಳಬೇಕು. ಜಾತ್ರೆ, ಸಮುದ್ರತೀರ, ರಸ್ತೆಬದಿಗಳಲ್ಲಿ ಒಂದೇ ಸೂಜಿಯಿಂದ ಸಾಲುಸಾಲಾಗಿ ಹೆಸರು ಬರೆದುಕೊಡುವವರ ಬಳಿ ಕೈಯೊಡ್ಡುವುದು ಎಷ್ಟು ಅಪಾಯಕರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

‘ಕಪ್ಪು ಮೆಹಂದಿ’ಯ ಮೋಸ

ಹಚ್ಚೆ ಬೇಡ, ನಾಲ್ಕು ದಿನ ಇದ್ದು ಹೋಗುವ ಮೆಹಂದಿ ಹಚ್ಚಿಸಿಕೊಳ್ಳಲಿ ಎಂದು ತಾಯಂದಿರು ಸಮಾಧಾನಪಡುತ್ತಾರೆ. ನಿಜವಾದ ಮದರಂಗಿಗೆ ಆ ಮಾತು ಸಲ್ಲುತ್ತದೆ. ಮದರಂಗಿಯ ಬಣ್ಣ ಕಿತ್ತಳೆಯಿಂದ ಕೆಂಗಂದಿನವರೆಗೆ ಬರುತ್ತದೆ, ಅದಕ್ಕೆ ಕೆಲವು ಗಂಟೆಗಳು ಬೇಕು. ಅಲ್ಪ ಸಮಯದಲ್ಲಿಯೇ ಕಡುಕಪ್ಪು ಬಣ್ಣ ಕೊಡುವ ‘ಕಪ್ಪು ಮೆಹಂದಿ’ಯಲ್ಲಿ ಸಾಮಾನ್ಯವಾಗಿ ಬೆರೆತಿರುವುದು ಪಿಪಿಡಿ ಎಂಬ ರಾಸಾಯನಿಕ, ಎಂದರೆ ಪ್ಯಾರಾಫಿನೈಲಿನ್‌ಡಯಾಮಿನ್. ತಲೆಗೂದಲಿಗೆ ಹಚ್ಚುವ ಕಪ್ಪು ಡೈಯಲ್ಲಿರುವುದೂ ಇದೇ. ಅಮೆರಿಕ, ಯೂರೋಪುಗಳಲ್ಲಿ ಇದನ್ನು ಕೂದಲಿಗೆ ಮಿತಿಯೊಳಗೆ ಬಳಸಬಹುದು. ಚರ್ಮದ ಮೇಲೆ ಚಿತ್ರ ಬರೆಯಲು ಬಳಸುವಂತಿಲ್ಲ.

ಪಿಪಿಡಿಯಿಂದ ಕೆಲವರಿಗೆ ಚಿತ್ರವಿದ್ದಲ್ಲೆಲ್ಲ ಬೊಬ್ಬೆಗಳೆದ್ದು, ಆರಿದ ಮೇಲೂ ಕಲೆ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಒಮ್ಮೆ ದೇಹ ಈ ವಸ್ತುವನ್ನು ಶತ್ರುವೆಂದು ಗುರುತಿಸಿಟ್ಟುಕೊಂಡರೆ ಆ ನೆನಪು ಜೀವನಪರ್ಯಂತ ಉಳಿಯುವುದು. ಹತ್ತನೆಯ ವಯಸ್ಸಿನಲ್ಲಿ ಮದುವೆಮನೆಯಲ್ಲಿ ಕಪ್ಪು ಮೆಹಂದಿ ಹಚ್ಚಿಸಿಕೊಂಡ ಹುಡುಗಿಗೆ ನಲವತ್ತರಲ್ಲಿ ಕೂದಲಿಗೆ ಡೈ ಹಚ್ಚಿದಾಗ ಮುಖ, ರೆಪ್ಪೆಗಳು ಊದಿಕೊಳ್ಳಬಹುದು. ಮದುವೆ, ಹಬ್ಬಗಳಲ್ಲಿ ಮಕ್ಕಳ ಕೈಗೆ ಕೋನ್ ಹಾಕಿಸುವ ಮುನ್ನ ಬಣ್ಣ ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂದು ಕೇಳಿರಿ. ‘ತಕ್ಷಣವೇ ಕಪ್ಪಾಗುತ್ತದೆ’ ಎಂದರೆ ಬೇಡವೆನ್ನಿರಿ.

ಚರ್ಮದಾಚೆಗೆ

ಹಚ್ಚೆಯ ಬಣ್ಣವೆಲ್ಲ ಹಾಕಿದಲ್ಲಿಯೇ ಉಳಿಯುವುದಿಲ್ಲ. ಅದರಲ್ಲೊಂದು ಭಾಗ ಹತ್ತಿರದ ದುಗ್ಧಗ್ರಂಥಿಗಳಿಗೆ ಸಾಗಿ ಅಲ್ಲಿ ಸಂಗ್ರಹವಾಗುತ್ತದೆ. ಜರ್ಮನಿ ಮತ್ತು ಫ್ರಾನ್ಸಿನ ವಿಜ್ಞಾನಿಗಳು 2017ರಲ್ಲಿ ಟೈಟಾನಿಯಂ ಡೈಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಮಾನವರ ದುಗ್ಧಗ್ರಂಥಿಗಳಲ್ಲಿ ಗುರುತಿಸಿದರು. ಹೀಗೆ ಬಣ್ಣ ತುಂಬಿದ ಗ್ರಂಥಿಯನ್ನು ತಪಾಸಣೆಯಲ್ಲಿ ಕ್ಯಾನ್ಸರ್ ಹರಡಿದ ಗ್ರಂಥಿಯೆಂದು ಶಂಕಿಸಿದ ಪ್ರಸಂಗಗಳಿವೆ. ಆದುದರಿಂದ ಮ್ಯಾಮೊಗ್ರಾಂ ಮೊದಲಾದ ಪರೀಕ್ಷೆಗಳಿಗೆ ಹೋದಾಗ ಹಚ್ಚೆ ಇರುವುದನ್ನೂ ಹಿಂದೆ ಇದ್ದು ತೆಗೆಸಿದ್ದನ್ನೂ ವೈದ್ಯರಿಗೆ ತಿಳಿಸಬೇಕು. ಕಬ್ಬಿಣದ ಅಂಶವಿರುವ ಬಣ್ಣದಿಂದ ಎಂಆರ್‌ಐ ಯಂತ್ರದಲ್ಲಿ ಉರಿ ಕಾಣಿಸಿಕೊಳ್ಳುವುದುಂಟು. ಇದು ವಿರಳ, ಆ ಭಯದಿಂದ ಅಗತ್ಯವಾದ ಸ್ಕ್ಯಾನ್ ತಪ್ಪಿಸಬಾರದು, ತಂತ್ರಜ್ಞರಿಗೆ ಮುಂಚಿತವಾಗಿ ಹೇಳಿದರೆ ಸಾಕು.

ಕ್ಯಾನ್ಸರಿನ ಪ್ರಶ್ನೆಯನ್ನು ಸಮಚಿತ್ತದಿಂದ ನೋಡಬೇಕು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 11,905 ಜನರನ್ನು ಒಳಗೊಂಡ ಅಧ್ಯಯನವನ್ನು 2024ರಲ್ಲಿ ಪ್ರಕಟಿಸಿ, ಹಚ್ಚೆ ಇರುವವರಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾದ ಸಂಭವ ಶೇ. 21ರಷ್ಟು ಹೆಚ್ಚು ಕಂಡುಬಂದಿತೆಂದರು. ಆದರೆ ಹಚ್ಚೆಯ ವಿಸ್ತಾರ ಹೆಚ್ಚಿದಂತೆ ಅಪಾಯ ಹೆಚ್ಚುವುದು ಅದರಲ್ಲಿ ಕಂಡುಬರಲಿಲ್ಲ. ಲಿಂಫೋಮಾ ಮೂಲತಃ ಅಪರೂಪದ ರೋಗ. ಇದು ಸಂಬಂಧದ ಸೂಚನೆಯೇ ಹೊರತು ಕಾರಣದ ಸಾಬೀತಲ್ಲ. ಈಗಾಗಲೇ ಹಚ್ಚೆ ಇರುವವರು ಗಾಬರಿಗೊಳ್ಳಬೇಕಾಗಿಲ್ಲ.

‘ಬೇಡವಾದರೆ ಲೇಸರಿನಿಂದ ತೆಗೆಸಿದರಾಯಿತು’ ಎಂಬ ಮಾತು ಕಾಲೇಜಿನ ಮಕ್ಕಳ ಬಾಯಲ್ಲಿ ಸುಲಭವಾಗಿ ಬರುತ್ತದೆ. ಲೇಸರು ಬಣ್ಣವನ್ನು ಮಾಯ ಮಾಡುವುದಿಲ್ಲ, ಸಣ್ಣ ಚೂರುಗಳಾಗಿ ಒಡೆಯುತ್ತದೆ. ಆ ಚೂರುಗಳನ್ನು ಸಾಗಿಸುವ ಹೊಣೆ ಮತ್ತೆ ದೇಹದ್ದೇ. ಹಲವು ಬಾರಿ ಹೋಗಬೇಕು, ವೆಚ್ಚವೂ ನೋವೂ ಹೆಚ್ಚು. ಬಿಳಿ ಹಾಗೂ ಚರ್ಮದ ಬಣ್ಣದ ಹಚ್ಚೆಗಳು ಲೇಸರಿಗೆ ಕಪ್ಪಾಗಿಬಿಡುವುದೂ ಉಂಟು. ಅಲರ್ಜಿಯಾಗಿರುವ ಹಚ್ಚೆಗೆ ಲೇಸರ್ ಹಾಯಿಸಿದರೆ ಒಡೆದ ಬಣ್ಣ ದೇಹದಲ್ಲೆಲ್ಲ ಹರಡಿ ತೀವ್ರ ಪ್ರತಿಕ್ರಿಯೆ ಉಂಟಾಗಬಹುದು. ಅಂತಹವರಿಗೆ ವೈದ್ಯರು ಸ್ಟೀರಾಯ್ಡ್ ಮುಲಾಮು, ಆ ಜಾಗಕ್ಕೇ ಚುಚ್ಚುಮದ್ದು, ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯಿಂದ ಆ ಭಾಗವನ್ನು ತೆಗೆಯುವ ದಾರಿಯನ್ನು ಸೂಚಿಸುತ್ತಾರೆ. ಮೇಲೆ ಹೇಳಿದ ಹುಡುಗಿಗೆ ಚುಚ್ಚುಮದ್ದಿನಿಂದ ಉಬ್ಬು ಇಳಿಯಿತು. ಬಿಸಿಲಿಗೆ ಈಗಲೂ ತುರಿಸುತ್ತದಂತೆ.

ಕಾನೂನು ಎಲ್ಲಿದೆ?

ಯೂರೋಪ್ ಒಕ್ಕೂಟ 2022ರ ಜನವರಿ 4ರಿಂದ ಹಚ್ಚೆಯ ಶಾಯಿಯಲ್ಲಿ 4,000ಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿಷೇಧ ಅಥವಾ ಮಿತಿಯನ್ನು ವಿಧಿಸಿತು. ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ನೀಲಿ ಹಾಗೂ ಒಂದು ಹಸಿರು ವರ್ಣದ್ರವ್ಯಕ್ಕೆ 2023ರ ಜನವರಿಯವರೆಗೆ ಕಾಲಾವಕಾಶವಿತ್ತು. ನಮ್ಮಲ್ಲಿ, 2025ರ ಆರಂಭದಲ್ಲಿ ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹಚ್ಚೆಯ ಶಾಯಿಯ ಮಾದರಿಗಳಲ್ಲಿ 22 ಬಗೆಯ ಲೋಹಗಳು ಕಂಡುಬಂದಿವೆಯೆಂದು ತಿಳಿಸಿ, ಶಾಯಿಗೆ ಮಾನದಂಡ ರೂಪಿಸುವಂತೆ ಕೇಂದ್ರ ಸರಕಾರವನ್ನು ಕೋರುವುದಾಗಿ ಹೇಳಿದರು. ತವರು ರಾಜ್ಯದಿಂದ ಎದ್ದ ಈ ದನಿ ಸ್ವಾಗತಾರ್ಹ. ಕಾನೂನು ಬಂದು, ಅದು ಗಲ್ಲಿಯ ಅಂಗಡಿಯವರೆಗೆ ತಲುಪುವ ತನಕ ಎಚ್ಚರಿಕೆಯ ಹೊಣೆ ನಮ್ಮ ನಮ್ಮ ಮನೆಗಳದ್ದೇ.

ಮನೆಯಲ್ಲಿ ಆಡಬೇಕಾದ ಮಾತು

ಮಧುಮೇಹ ಹತೋಟಿಯಲ್ಲಿಲ್ಲದವರು, ಹುಟ್ಟಿನಿಂದ ಹೃದಯದ ದೋಷ ಇರುವವರು, ರಕ್ತ ತೆಳುವಾಗಿಸುವ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರು, ಗರ್ಭಿಣಿಯರು, ಕೀಲಾಯ್ಡ್ ಅಥವಾ ಸೋರಿಯಾಸಿಸ್ ಇರುವವರು ವೈದ್ಯರನ್ನು ಕೇಳದೆ ಹಚ್ಚೆಯ ಗೋಜಿಗೆ ಹೋಗಬಾರದು. ಉಳಿದವರೂ ಕೆಲವು ವಿಷಯಗಳನ್ನು ಗಮನಿಸಬೇಕು. ಸೂಜಿಯ ಪೊಟ್ಟಣವನ್ನು ನಮ್ಮ ಕಣ್ಣೆದುರಿಗೇ ಒಡೆಯಬೇಕು. ಪ್ರತಿಯೊಬ್ಬರಿಗೂ ಶಾಯಿಯ ಬಟ್ಟಲು ಬೇರೆಯಿರಬೇಕು. ಶಾಯಿಗೆ ನಲ್ಲಿಯ ನೀರು ಬೆರೆಸಬಾರದು. ಶಾಯಿಯ ಬಾಟಲಿಯ ಮೇಲಿನ ಹೆಸರು, ಬ್ಯಾಚ್ ಸಂಖ್ಯೆಗಳ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ಮುಂದೆಂದಾದರೂ ತೊಂದರೆಯಾದರೆ ವೈದ್ಯರಿಗೆ ಇದಕ್ಕಿಂತ ಉಪಯುಕ್ತವಾದ ದಾಖಲೆ ಬೇರೊಂದಿಲ್ಲ. ಹೆಪಟೈಟಿಸ್ ಬಿ ಲಸಿಕೆ ಮೊದಲೇ ಆಗಿರಬೇಕು. ಬರೆಸಿಯೇ ತೀರುತ್ತೇನೆಂಬವರು ಕೆಂಪನ್ನು ಬಿಟ್ಟು, ಚಿಕ್ಕದಾಗಿ, ಕಪ್ಪಿನಲ್ಲಿ ಬರೆಸುವುದು ಅಪಾಯವನ್ನು ಕೊಂಚ ತಗ್ಗಿಸುತ್ತದೆ.

ಹಿರಿಯರಿಗೂ ಒಂದು ಮಾತು ಹೇಳಬೇಕಾಗಿದೆ. ಹದಿನೆಂಟು, ಇಪ್ಪತ್ತರ ಮಕ್ಕಳು ನಮ್ಮನ್ನು ಕೇಳಿಯೇ ಎಲ್ಲವನ್ನೂ ಮಾಡುತ್ತಾರೆಂಬ ನಿರೀಕ್ಷೆ ಈ ಮಹಾನಗರಗಳಲ್ಲಿ ಸಾಧುವಲ್ಲ. ಹಚ್ಚೆಯನ್ನು ಕಂಡು ಮನೆಯಲ್ಲಿ ಗದ್ದಲವೆದ್ದರೆ, ನಾಳೆ ಅದು ಊದಿಕೊಂಡಾಗ ಮಕ್ಕಳು ಅದನ್ನು ತೋರಿಸುವುದಿಲ್ಲ. ಹಾಗೆ ಕಳೆದುಹೋಗುವ ವಾರಗಳೇ ಸಾಮಾನ್ಯ ಸೋಂಕನ್ನು ಗಂಭೀರವಾಗಿಸುತ್ತವೆ. ಬರೆಸುವ ಮುನ್ನ ಬೇಡವೆನ್ನುವ ಅಧಿಕಾರ ನಮಗಿದೆ, ಕಾರಣಗಳನ್ನು ತಿಳಿದು ಹೇಳಿದರೆ ಆ ಮಾತಿಗೆ ತೂಕವೂ ಬರುತ್ತದೆ. ಬರೆಸಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ‘ತುರಿಸುತ್ತಿದೆಯೇ, ಎಲ್ಲಿ, ತೋರಿಸು ನೋಡೋಣ.’ ಬಣ್ಣ ಚರ್ಮದೊಳಗೆ ಎಷ್ಟು ವರ್ಷ ಇರುತ್ತದೆಯೋ ಅಷ್ಟು ವರ್ಷವೂ ಈ ಪ್ರಶ್ನೆಯನ್ನು ಕೇಳಬಲ್ಲ ಸಲಿಗೆ ನಮ್ಮ ಮನೆಗಳಲ್ಲಿ ಉಳಿದಿರಲಿ.